ಬರ್ರೆನ್ ಸೀಮೆಯ ಕಲ್ಲುನೆಲದಲ್ಲಿ ಜನ ಬದುಕಿದ್ದು ಹೇಗೆ?

ಪ್ರಶ್ನೆ

ಐರ್ಲೆಂಡಿನ ಪಶ್ಚಿಮದ ಕ್ಲೇರ್ ಕೌಂಟಿಯ ಉತ್ತರ ಅಂಚಿನಲ್ಲಿರುವ ಬರ್ರೆನ್ ಸೀಮೆಯನ್ನು ಕಳೆದ ಮೇ ತಿಂಗಳಲ್ಲಿ ಎರಡು ದಿನ ನಡೆದು ನೋಡಿದೆ. ಕಣ್ಣು ಹಾಯುವಷ್ಟು ದೂರವೂ ಬೂದುಬಣ್ಣದ ಸುಣ್ಣಕಲ್ಲಿನ ಹಾಸು, ಮರಗಳು ಅಪರೂಪ. ಆದರೂ ಎಲ್ಲಿ ನೋಡಿದರೂ ಕಲ್ಲಿನ ಕೋಟೆ, ಪಾಳುಬಿದ್ದ ಇಗರ್ಜಿ, ಪುರಾತನ ಗೋರಿ. ಮನುಷ್ಯನನ್ನು ಮುಳುಗಿಸಲು ನೀರಿಲ್ಲ, ನೇಣಿಗೇರಿಸಲು ಮರವಿಲ್ಲ, ಹೂಳಲು ಮಣ್ಣಿಲ್ಲ ಎಂದು ಐರ್ಲೆಂಡಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ನಾಯಕ ಕ್ರಾಮ್‌ವೆಲ್ಲನ ಸೇನಾಧಿಕಾರಿ ಲಡ್ಲೋ 1651ರ ಸುಮಾರಿಗೆ ಈ ಸೀಮೆಯನ್ನು ಬಣ್ಣಿಸಿದ್ದನಂತೆ. ಹಾಗಿದ್ದರೆ ಸಾವಿರಾರು ವರ್ಷ ಇಲ್ಲಿ ನೆಲೆಸಿದವರು ಯಾವುದನ್ನು ನಂಬಿ ಬದುಕಿದರು?

ಮೊದಲ ಉತ್ತರ

ಲಡ್ಲೋನ ಮಾತಿನ ಅರ್ಧವನ್ನಷ್ಟೇ ಜನ ಹೇಳುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಉಳಿದರ್ಧದಲ್ಲಿದೆ. ಇಷ್ಟಿದ್ದೂ ಅಲ್ಲಿನ ದನಗಳು ಕೊಬ್ಬಿವೆ, ಬಂಡೆಗಳ ನಡುವಿನ ಎರಡು ಮೂರು ಅಡಿ ಅಗಲದ ಮಣ್ಣಿನಲ್ಲಿ ಬೆಳೆಯುವ ಹುಲ್ಲು ಬಹಳ ಸಿಹಿ ಮತ್ತು ಪುಷ್ಟಿಕರ ಎಂದೂ ಅವನೇ ಬರೆದಿದ್ದಾನೆ.

ಯುರೋಪಿನ ಬೆಟ್ಟಸೀಮೆಗಳಲ್ಲಿ ಸಾಮಾನ್ಯವಾಗಿ ದನಗಳನ್ನು ಬೇಸಿಗೆಯಲ್ಲಿ ಮೇಲಕ್ಕೆ ಹತ್ತಿಸಿ ಚಳಿಗಾಲಕ್ಕೆ ಇಳಿಸುತ್ತಾರೆ. ಬರ್ರೆನ್ನಿನಲ್ಲಿ ಇದು ತಿರುವುಮುರುವು. ಬೇಸಿಗೆಯಲ್ಲಿ ಗುಡ್ಡದ ಮೇಲೆ ಕುಡಿಯುವ ನೀರು ಸಾಲದು. ಚಳಿಗಾಲದಲ್ಲಾದರೋ ಒರತೆಗಳು ತುಂಬಿರುತ್ತವೆ, ಮಳೆನೀರು ಬಿರುಕುಗಳಲ್ಲಿ ಇಂಗಿಹೋಗುವುದರಿಂದ ಕಾಲಡಿ ಕೆಸರಾಗುವುದಿಲ್ಲ, ಬೇಸಿಗೆಯ ಬಿಸಿಲನ್ನು ಹೀರಿಕೊಂಡ ಸುಣ್ಣಕಲ್ಲು ಬೆಚ್ಚಗಿರುತ್ತದೆ. ಹೀಗಾಗಿ ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ದನಗಳು ಮೇಲೆಯೇ ಮೇಯುತ್ತವೆ. ಆ ಮೇವುನೆಲವನ್ನು ರೈತರು 'ವಿಂಟರೇಜ್' ಎನ್ನುತ್ತಾರೆ.

ನೀವು ಮೇ ತಿಂಗಳಲ್ಲಿ ಹೋದದ್ದರಿಂದ ಕಡುನೀಲಿ ಬಣ್ಣದ ಸ್ಪ್ರಿಂಗ್ ಜೆನ್ಷಿಯನ್ ಹೂವನ್ನು ಖಂಡಿತ ಕಂಡಿರುತ್ತೀರಿ. ದನಗಳು ಚಳಿಗಾಲವಿಡೀ ಒಣಹುಲ್ಲನ್ನು ತಿಂದು ತೀರಿಸಿ, ಬೇಸಿಗೆಗೆ ಮುನ್ನ ಕೆಳಗಿಳಿಯುವುದರಿಂದಲೇ ಆ ಪುಟ್ಟ ಗಿಡಕ್ಕೆ ಬೆಳಕು ದಕ್ಕುತ್ತದೆ. ಆಲ್ಪ್ಸ್‌ನ ಈ ಹೂವು, ಉತ್ತರ ಧ್ರುವ ಸೀಮೆಯ ಮೌಂಟನ್ ಏವೆನ್ಸ್, ಮೆಡಿಟರೇನಿಯನ್ ಕಡೆಯ ಒಂದು ಆರ್ಕಿಡ್, ಇವೆಲ್ಲ ಅಕ್ಕಪಕ್ಕದಲ್ಲಿ ಅರಳುವುದನ್ನು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ.

ಎರಡನೆಯ ಉತ್ತರ

ಮೇಲಿನ ವಿವರಣೆ ಸರಿಯಾಗಿದೆ, ಆದರೆ ಈ ನೆಲ ಮೊದಲಿನಿಂದಲೂ ಹೀಗೆಯೇ ಬೋಳಾಗಿತ್ತು ಎಂದು ತಿಳಿಯಬಾರದು. ಕೆರೆಗಳ ತಳದ ಹೂಪರಾಗದ ಅಧ್ಯಯನಗಳ ಪ್ರಕಾರ ಇಲ್ಲಿ ಒಮ್ಮೆ ಪೈನ್ ಮತ್ತು ಹೇಝಲ್ ಮರಗಳಿದ್ದವು. ಬೇಸಾಯಗಾರರು ಅವನ್ನು ಕಡಿದ ಮೇಲೆ ಮಣ್ಣು ಕೊಚ್ಚಿಕೊಂಡು ಹೋಯಿತು. ಇಲ್ಲಿನ ಪೂಲ್ನಬ್ರೋನ್ ಎಂಬ ಕಲ್ಲಿನ ಗೋರಿಯನ್ನು 1980ರ ದಶಕದಲ್ಲಿ ಉತ್ಖನನ ಮಾಡಿದಾಗ ಐದು ಸಾವಿರ ವರ್ಷಕ್ಕೂ ಹಿಂದಿನ, ಮೂವತ್ತಕ್ಕೂ ಹೆಚ್ಚು ಜನರ ಮೂಳೆಗಳು ದೊರೆತವು.

ಬಡ ಸೀಮೆಯೆಂಬ ಹೆಸರಿದ್ದರೂ ಇದು ವಿದ್ಯೆಯ ನೆಲೆಯೂ ಆಗಿತ್ತು. ಕಾಹರ್ಮಕ್ನಾಕ್ಟನ್ನಿನ ಕಲ್ಲುಕೋಟೆಯ ಬಳಿ ಒಡಾವೊರೆನ್ ಮನೆತನದವರು ಬ್ರೆಹನ್ ಎಂಬ ಹಳೆಯ ಐರಿಷ್ ನ್ಯಾಯಶಾಸ್ತ್ರದ ಶಾಲೆ ನಡೆಸುತ್ತಿದ್ದರು. 1560ರ ದಶಕದಲ್ಲಿ ಆ ಮನೆತನದ ವಿದ್ವಾಂಸ ಮತ್ತು ಅವನ ಶಿಷ್ಯರು ಬರೆದ ಹಸ್ತಪ್ರತಿ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸಿಸ್ಟರ್ಶಿಯನ್ ಸನ್ಯಾಸಿಗಳು ಸುಮಾರು 1200ರಲ್ಲಿ ಕಟ್ಟಿದ ಕಾರ್ಕಮ್ರೋ ಮಠಕ್ಕೆ ಲ್ಯಾಟಿನ್ನಿನಲ್ಲಿ ಇಟ್ಟ ಹೆಸರಿನ ಅರ್ಥ 'ಫಲವತ್ತಾದ ಬಂಡೆಯ ಸಂತ ಮೇರಿ'. ಲಡ್ಲೋಗಿಂತ ನಾಲ್ಕು ಶತಮಾನ ಮೊದಲೇ ಅವರಿಗೆ ಈ ಕಲ್ಲಿನ ಗುಟ್ಟು ತಿಳಿದಿತ್ತು.

ಮೂರನೆಯ ಉತ್ತರ

ಈಚಿನ ಕಥೆಯನ್ನು ಬಿಟ್ಟರೆ ಚಿತ್ರ ಅರೆಬರೆಯಾಗುತ್ತದೆ. 1991ರಲ್ಲಿ ಮುಲ್ಲಕ್‌ಮೋರ್ ಗುಡ್ಡದ ಬುಡದಲ್ಲಿ ಪ್ರವಾಸಿ ಕೇಂದ್ರ ಕಟ್ಟಲು ಸರ್ಕಾರ ಹೊರಟಾಗ ಊರವರೇ ಎರಡು ಪಾಳೆಯವಾದರು. ಕೆಲಸ ಸಿಗುತ್ತದೆಂದು ಕೆಲವರು ಬಯಸಿದರು, ನೆಲ ಕೆಡುತ್ತದೆಂದು ಉಳಿದವರು ವಿರೋಧಿಸಿದರು. ನ್ಯಾಯಾಲಯ ಮತ್ತು ಯೋಜನಾ ಮಂಡಳಿಯ ಸುತ್ತ ವರ್ಷಗಟ್ಟಲೆ ಜಗ್ಗಾಡಿದ ಮೇಲೆ 2000ದಲ್ಲಿ ಯೋಜನೆ ನಿಂತುಹೋಯಿತು. ವಿರೋಧಿಸಿದವರ ಪಕ್ಷವೇ ಸರಿಯೆಂದು ನಾನು ನಂಬುತ್ತೇನೆ, ಆದರೆ ಕೆಲಸ ಬೇಕೆಂದವರ ಕಷ್ಟವೂ ನಿಜವೇ ಆಗಿತ್ತು.

ಆ ಹೊತ್ತಿಗೆ ದನಗಳಿಗೆ ಗುಡ್ಡದ ಹುಲ್ಲಿನ ಬದಲು ಸೈಲೇಜ್, ಅಂದರೆ ಹುದುಗಿಸಿ ಕೂಡಿಟ್ಟ ಹಸಿಮೇವು, ಹಾಕುವ ರೂಢಿ ಬೆಳೆದು, ಮೇಯದೆ ಬಿಟ್ಟ ಜಾಗಗಳಲ್ಲಿ ಹೇಝಲ್ ಪೊದೆ ಹಬ್ಬತೊಡಗಿತ್ತು. 2005ರಲ್ಲಿ ರೈತರನ್ನೇ ಜೊತೆಗೂಡಿಸಿಕೊಂಡು ಆರಂಭವಾದ, ಈ ಹುಲ್ಲುಗಾವಲುಗಳನ್ನು ಉಳಿಸುವ ಬರ್ರೆನ್‌ಲೈಫ್ ಯೋಜನೆಯ ಅನುಭವದಿಂದ ಒಂದು ಹೊಸ ಪದ್ಧತಿ ಮೂಡಿತು: ಹುಲ್ಲುಗಾವಲಿನ ಸ್ಥಿತಿಗೆ ಹತ್ತರಲ್ಲಿ ಅಂಕ ಕೊಡುತ್ತಾರೆ, ಅಂಕ ಏರಿದಂತೆ ರೈತನ ಹಣವೂ ಏರುತ್ತದೆ. ಅತಿಯಾಗಿ ಮೇಯಿಸಿದರೂ ಅಂಕ ಹೋಗುತ್ತದೆ, ಮೇಯಿಸದೆ ಬಿಟ್ಟರೂ ಹೋಗುತ್ತದೆ.

ಮತ್ತೊಮ್ಮೆ ಹೋಗುವುದಾದರೆ ಅಕ್ಟೋಬರ್ ಕೊನೆಯ ವಾರಾಂತ್ಯವನ್ನು ಆರಿಸಿಕೊಳ್ಳಿ. ದನಗಳನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗುವ ರೈತರ ಹಿಂದೆ ಊರವರೂ ಮಕ್ಕಳೂ ನಡೆಯುತ್ತಾರೆ. ನೀವೂ ಜೊತೆಗೆ ಹತ್ತಬಹುದು.