ನೆಲಮಂಗಲದಲ್ಲಿ ಮನೆ ತಗೊಳ್ಳಬಹುದಾ? ಅಲ್ಲೇ ಇರುವವರು ದಯವಿಟ್ಟು ಹೇಳಿ

ಎರಡನೇ ಮಹಡಿ:

ಎಲ್ಲರಿಗೂ ನಮಸ್ಕಾರ. ಟಿ. ದಾಸರಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗೆ ಇದ್ದೇವೆ. ಇದು ನಾಲ್ಕನೇ ಮನೆ. ಮಗನ ಮದುವೆ ಇದೆ, ಯುಗಾದಿ ಹೊತ್ತಿಗೆ ಬಿಟ್ಟುಕೊಡಿ ಅಂತ ಓನರ್ ಹೇಳಿದ್ದಾರೆ. ಅವರದ್ದೇನೂ ತಪ್ಪಿಲ್ಲ. ಆದರೆ ಮತ್ತೆ ಸಾಮಾನು ಕಟ್ಟಬೇಕು ಅನ್ನುವ ಮಾತು ಕೇಳಿ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮ ಯಜಮಾನರಿಗೆ ಯಶವಂತಪುರದಲ್ಲಿ ಕೆಲಸ. ಮಗಳು ಆರನೇ ಕ್ಲಾಸು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಮಂಡಿ ನೋವು, ಎರಡನೇ ಮಹಡಿ ಹತ್ತೋದು ಕಷ್ಟ. ಕಳೆದ ದೀಪಾವಳಿಯಿಂದ ಅವರು ಕೆಳಗೆ ಇಳಿದಿದ್ದು ಆಸ್ಪತ್ರೆಗೆ ಹೋಗೋಕೆ ಮಾತ್ರ.

ಈಗ ನೆಲಮಂಗಲದಲ್ಲಿ ಒಂದು ಮನೆ ನೋಡಿದ್ದೇವೆ. ಸೊಂಡೆಕೊಪ್ಪ ರಸ್ತೆಯಿಂದ ಸ್ವಲ್ಪ ಒಳಗೆ. 30-40 ಸೈಟು, ನೆಲಮಹಡಿ ಮಾತ್ರ, ಎರಡು ರೂಮು. ಕಟ್ಟಿ ಆರು ವರ್ಷ ಆಗಿದೆಯಂತೆ. 62 ಲಕ್ಷ ಹೇಳುತ್ತಿದ್ದಾರೆ. ಮುಂದೆ ಒಂದು ಕರಿಬೇವಿನ ಗಿಡ ಇದೆ, ಅದರ ಪಕ್ಕ ಸಣ್ಣ ಜಗಲಿ. ನಾವು ರೂಮು ನೋಡಿ ಬರುವಷ್ಟರಲ್ಲಿ ಅತ್ತೆ ಆ ಜಗಲಿ ಮೇಲೆ ಕೂತುಬಿಟ್ಟಿದ್ದರು. ಹೊರಡೋಣ ಅಂದರೆ "ಇನ್ನೊಂದು ಐದು ನಿಮಿಷ ಇರಿ" ಅಂದರು. ಅದಕ್ಕೇ ಮನಸ್ಸು ಅಲ್ಲೇ ನಿಂತಿದೆ.

ಬ್ರೋಕರ್ ಮೆಟ್ರೊ ಬರುತ್ತೆ, ರಿಂಗ್ ರೋಡ್ ಬರುತ್ತೆ, ಕಾವೇರಿ ಬರುತ್ತೆ, ಎರಡು ವರ್ಷದಲ್ಲಿ ಕೋಟಿ ಆಗುತ್ತೆ ಅನ್ನುತ್ತಾರೆ. ನಮಗೆ ಕೋಟಿ ಬೇಡ. ಇರೋಕೆ ಮನೆ ಬೇಕು. ಕಾಗದಪತ್ರ ಅಂತ ಒಂದು ಕಟ್ಟು ಜೆರಾಕ್ಸ್ ಕೊಟ್ಟಿದ್ದಾರೆ, ಇ-ಖಾತಾ ಆಗಿದೆ, ಭಯ ಇಲ್ಲ ಅಂದಿದ್ದಾರೆ. ರಿಜಿಸ್ಟ್ರೇಷನ್‌ಗೆ 45 ಲಕ್ಷ ತೋರಿಸಿ ಉಳಿದಿದ್ದು ಕೈಯಲ್ಲಿ ಕೊಡಿ ಅಂತಲೂ ಹೇಳಿದರು. ನಮ್ಮ ಕೈಯಲ್ಲಿ ಇರುವುದು ಊರಿನ ಸೈಟು ಮಾರಿದ ದುಡ್ಡೂ ಸೇರಿ 22 ಲಕ್ಷ.

ನೀರು ಹೇಗೆ? ಬೆಳಿಗ್ಗೆ ಪೀಣ್ಯಕ್ಕೆ ಎಷ್ಟು ಹೊತ್ತಾಗುತ್ತದೆ? ಅಲ್ಲಿ ಇದ್ದು ಅನುಭವ ಇರುವವರು ಹೇಳಿದರೆ ದೊಡ್ಡ ಉಪಕಾರ.

ಒಂಬತ್ತು ಬೇಸಿಗೆ:

ಮೇಡಂ, ನಾನು 2016ರಿಂದ ಅರಿಶಿನಕುಂಟೆ ಕಡೆ ಇದ್ದೇನೆ. ಆಗ ಅದು ಪಂಚಾಯಿತಿ. ಆಮೇಲೆ ಸುತ್ತಲಿನ ಪಂಚಾಯಿತಿಗಳನ್ನು ಸೇರಿಸಿ ನೆಲಮಂಗಲ ನಗರಸಭೆ ಆಯಿತು. ನಿಮ್ಮ ಪ್ರಶ್ನೆಯಲ್ಲಿ ನೀರಿನ ಬಗ್ಗೆ ಮಾತ್ರ ನಾನು ಉದ್ದಕ್ಕೆ ಬರೆಯುತ್ತೇನೆ. ಯಾಕೆಂದರೆ ಅದನ್ನು ನಮಗೆ ಯಾರೂ ಮೊದಲೇ ಹೇಳಲಿಲ್ಲ.

ನಮಗೆ ಸೈಟು ಮಾರಿದವರು ಎರಡು ವರ್ಷದಲ್ಲಿ ಕಾವೇರಿ ಬರುತ್ತೆ ಅಂದಿದ್ದರು. ನಂಬಿದೆವು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಆದರೆ ಅದು ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ. ನೆಲಮಂಗಲ ಆ ಪಟ್ಟಿಯಲ್ಲೇ ಇಲ್ಲ. ನಮ್ಮದು ಬೆಂಗಳೂರು ಗ್ರಾಮಾಂತರ ಜಿಲ್ಲೆ. ಎತ್ತಿನಹೊಳೆ ನೀರು ನಮ್ಮ ಜಿಲ್ಲೆಗೂ ಅಂತ ಯೋಜನೆಯಲ್ಲಿ ಇದೆ. ಅದರ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಚಾಲನೆ ಕೊಟ್ಟರು. ಬರಲಿ, ಸಂತೋಷ. ಆದರೆ ನೀವು ಮನೆ ತಗೊಳ್ಳುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇವತ್ತು ಆ ಮನೆಯ ಸಂಪಿಗೆ ನೀರು ಎಲ್ಲಿಂದ ಬೀಳುತ್ತಿದೆ, ಅಷ್ಟು ಮಾತ್ರ ನೋಡಿ.

ನಮ್ಮ ಲೇಔಟಿಗೆ 650 ಅಡಿಯ ಒಂದು ಬೋರ್ ಇತ್ತು. ಇಪ್ಪತ್ತೆರಡು ಮನೆಗೆ ಅದೊಂದೇ. ಮನೆಗಳು ನಲವತ್ತಾದವು, ಬೋರ್ ಮಾತ್ರ ಅದೇ. 2024ರ ಬೇಸಿಗೆಯಲ್ಲಿ ನಿಂತೇ ಹೋಯಿತು. ಆ ಮಾರ್ಚ್, ಏಪ್ರಿಲ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ಟ್ಯಾಂಕರ್‌ನವರಿಗೆ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದರೆ ಮಾರನೇ ದಿನ ರಾತ್ರಿ ಹನ್ನೊಂದಕ್ಕೆ ಬರುತ್ತಿದ್ದರು. ನಮ್ಮಮ್ಮ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕೋಕೂ ಹಿಂದೆಮುಂದೆ ನೋಡುತ್ತಿದ್ದರು. ಕೊನೆಗೆ ಎಲ್ಲ ಮನೆಯವರೂ ದುಡ್ಡು ಹಾಕಿ ಹೊಸ ಬೋರ್ ಕೊರೆಸಿದೆವು. 1,100 ಅಡಿಗೆ ನೀರು ಸಿಕ್ಕಿತು. ನೀರು ಚಿಮ್ಮಿದಾಗ ಬೀದಿಯವರೆಲ್ಲ ನಿಂತು ನೋಡಿದೆವು, ಕೆಲವರು ಅತ್ತರು.

ಹಾಗಾಗಿ ಓನರ್ "ಬೋರ್ ಇದೆ" ಅಂದರೆ ಅಷ್ಟಕ್ಕೆ ಬಿಡಬೇಡಿ. ಎಷ್ಟು ಅಡಿ? ಯಾವ ವರ್ಷ ಕೊರೆಸಿದ್ದು? ಎಷ್ಟು ಮನೆಗೆ? 2024ರ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ಹಾಕಿಸಿದರು? ಕೊನೇ ಪ್ರಶ್ನೆಯನ್ನು ಓನರ್ ಹತ್ತಿರ ಅಲ್ಲ, ಪಕ್ಕದ ಮನೆಯ ಹೆಂಗಸರ ಹತ್ತಿರ ಕೇಳಿ. ಅವರಿಗೆ ತಾರೀಖು ಸಮೇತ ನೆನಪಿರುತ್ತದೆ.

ಇನ್ನೊಂದು. ಮಳೆ ನೀರು ಹಿಡಿಯೋಕೆ ಜಾಗ ಇದೆಯಾ ನೋಡಿ. 900 ಚದರ ಅಡಿ ತಾರಸಿ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,000 ಲೀಟರ್. ನಾವು ಎರಡನೇ ಸಂಪು ತೆಗೆಸಿ, ಜಲ್ಲಿ, ಮರಳು, ಇದ್ದಿಲು ಹಾಕಿದ ಒಂದು ಡ್ರಮ್ಮಿನ ಮೂಲಕ ತಾರಸಿ ನೀರು ಬಿಡುತ್ತೇವೆ. ಮೊದಲ ಮಳೆ ನೀರನ್ನು ಹೊರಗೆ ಹರಿಯಲು ಬಿಡುತ್ತೇವೆ. ಜೂನ್‌ನಿಂದ ನವೆಂಬರ್‌ವರೆಗೆ ಬಟ್ಟೆ, ಪಾತ್ರೆ, ಬಾತ್‌ರೂಮಿಗೆ ಅದೇ ನೀರು. 2024ರಿಂದ ಈಚೆಗೆ ನಮ್ಮ ಮನೆಗೆ ಒಂದು ಟ್ಯಾಂಕರ್ ಕೂಡ ಬಂದಿಲ್ಲ.

ಇಷ್ಟೆಲ್ಲ ಆದಮೇಲೂ ನಾವು ಬಿಟ್ಟು ಹೋಗಿಲ್ಲ. ಸಂಜೆ ಮಕ್ಕಳು ಬೀದಿಯಲ್ಲಿ ಸೈಕಲ್ ಹೊಡೆಯುತ್ತಾರೆ. ಡಿಸೆಂಬರ್ ಬಂದರೆ ಹಳ್ಳಿಯವರು ಮನೆ ಬಾಗಿಲಿಗೇ ಸೊಗಡಿನ ಅವರೆಕಾಯಿ ತರುತ್ತಾರೆ. ಯಾರಿಗಾದರೂ ಹುಷಾರಿಲ್ಲ ಅಂದರೆ ನಾಲ್ಕು ಮನೆಯಿಂದ ಗಂಜಿ ಬರುತ್ತದೆ. ನಿಮ್ಮ ಅತ್ತೆ ಜಗಲಿ ಮೇಲೆ ಕೂತಿದ್ದನ್ನು ಓದಿ ನನಗೆ ನಮ್ಮಮ್ಮ ನೆನಪಾದರು. ಅವರಿಗೂ ಇಲ್ಲಿ ಕಾಲಿಗೆ ನೆಲ ಸಿಕ್ಕಿತು.

ಕಾಗದ ನೋಡುವವನು:

ನಾನು ವಕೀಲರ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಆಸ್ತಿ ಪತ್ರಗಳನ್ನು ನೋಡುತ್ತಿದ್ದೇನೆ. ಅಕ್ಕ, ಮೊದಲು ಒಂದು ಮಾತು. ಖಾತೆ ಅನ್ನುವುದು ಕಂದಾಯ ಯಾರು ಕಟ್ಟಬೇಕು ಅನ್ನುವುದಕ್ಕೆ. ಆಸ್ತಿ ಯಾರದ್ದು ಅನ್ನುವುದನ್ನು ಹೇಳುವುದು ಕ್ರಯಪತ್ರ ಮತ್ತು ಅದರ ಹಿಂದಿನ ಪತ್ರಗಳ ಸರಪಳಿ. ಇ-ಖಾತಾ ಇಲ್ಲದೆ ರಿಜಿಸ್ಟರ್ ಆಗುವುದಿಲ್ಲ, ಅದು ಬೇಕೇ ಬೇಕು. ಆದರೆ ಅದೊಂದನ್ನೇ ನೋಡಿ ಅಡ್ವಾನ್ಸ್ ಕೊಡಬೇಡಿ.

ನೆಲಮಂಗಲದ ಸುತ್ತ ಲೇಔಟ್ ಆಗಿರುವುದೆಲ್ಲ ಹೆಚ್ಚಾಗಿ ಹೊಲ. ಆ ಹೊಲ ಯಾರದ್ದು, ಮಕ್ಕಳು ಎಷ್ಟು ಜನ, ಭಾಗ ಹೇಗೆ ಆಯಿತು, ಇದನ್ನು ವಂಶವೃಕ್ಷ ಇಟ್ಟುಕೊಂಡು ನೋಡಬೇಕು. ನಾನು ನೋಡುವ ಹತ್ತು ಫೈಲಿನಲ್ಲಿ ತೊಂದರೆ ಇರುವುದು ಇಲ್ಲೇ. ಅಣ್ಣತಮ್ಮಂದಿರೆಲ್ಲ ಸಹಿ ಹಾಕಿರುತ್ತಾರೆ. ಅಕ್ಕತಂಗಿಯರದ್ದು ಇರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಆಗ ತಂದೆ ಬದುಕಿರಲೇಬೇಕು ಅಂತೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಅವರ ನ್ಯಾಯವಾದ ಹಕ್ಕು. ಅವರನ್ನು ಬಿಟ್ಟು ಮಾಡಿದ ಪತ್ರವನ್ನು ನಂಬಿ ಮನೆ ತಗೊಂಡವರು ಕೋರ್ಟಿಗೆ ಅಲೆಯುವುದನ್ನು ನಾನು ನೋಡಿದ್ದೇನೆ.

ಹೊಲ ಸರ್ಕಾರದಿಂದ ಪರಿಶಿಷ್ಟರಿಗೆ ಮಂಜೂರಾಗಿದ್ದಾ ಅಂತಲೂ ನೋಡಿಸಿ. 1978ರ ಪಿಟಿಸಿಎಲ್ ಕಾಯಿದೆ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಆಮೇಲೆ ಹೊಲದಲ್ಲಿ ಮನೆ ಕಟ್ಟಬಹುದು ಅನ್ನುವ ಡಿಸಿ ಕನ್ವರ್ಷನ್ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ಮನೆ ಕಟ್ಟಲು ಕೊಟ್ಟ ಲೈಸೆನ್ಸ್, 30 ವರ್ಷದ ಇ.ಸಿ., ಅಂದರೆ ಆ ಆಸ್ತಿಯ ಮಾರಾಟ, ಅಡಮಾನಗಳ ದಾಖಲೆ. ಆ ಜಾಗದಲ್ಲಿ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಕಾಗದದಲ್ಲಿರುವ ನಂಬರೂ ಅದೂ ಒಂದೇನಾ ನೋಡಿ.

45 ಲಕ್ಷ ತೋರಿಸುವ ಮಾತು ಬೇಡವೇ ಬೇಡ. ಮನೆ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಜಾಸ್ತಿ ನಗದು ತಗೊಳ್ಳಬಾರದು ಅಂತ ಆದಾಯ ತೆರಿಗೆ ಕಾನೂನಿನಲ್ಲೇ ಇದೆ. ನಿಮಗೂ ನಷ್ಟ. ಬ್ಯಾಂಕಿನವರು ಸಾಲ ಕೊಡುವುದು ಪತ್ರದಲ್ಲಿ ಇರುವ ಬೆಲೆ ನೋಡಿ.

ಈಗ ಲೆಕ್ಕ. 62 ಲಕ್ಷಕ್ಕೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಒಟ್ಟು 4 ಲಕ್ಷದ 71 ಸಾವಿರ. ಬ್ಯಾಂಕ್ ಹೆಚ್ಚೆಂದರೆ ಶೇ 80 ಕೊಡುತ್ತದೆ, ಈ ಖರ್ಚು ಅದರಲ್ಲಿ ಸೇರುವುದಿಲ್ಲ. 45 ಲಕ್ಷ ಸಾಲ ಅಂದುಕೊಳ್ಳಿ. ನಿಮ್ಮ ಕೈಯಿಂದ 17 ಲಕ್ಷ, ಜೊತೆಗೆ ಈ 4.71. ಅಲ್ಲಿಗೆ ನಿಮ್ಮ 22 ಲಕ್ಷ ಮುಗಿಯಿತು. ಗೃಹಪ್ರವೇಶಕ್ಕೂ ಸಾಲ ಆಗುತ್ತದೆ. ಶೇ 8.5 ಬಡ್ಡಿ, 20 ವರ್ಷ ಅಂದರೆ ಕಂತು ತಿಂಗಳಿಗೆ 39 ಸಾವಿರ. ಬೆಲೆ 50 ಲಕ್ಷ ದಾಟಿರುವುದರಿಂದ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ತೆರಿಗೆ (ಟಿಡಿಎಸ್) ಹಿಡಿದು ನೀವೇ ಕಟ್ಟಬೇಕು. ಅದು ಮಾರುವವರ ದುಡ್ಡಿನಲ್ಲಿ ಹೋಗುತ್ತದೆ, ನಿಮಗೆ ಹೆಚ್ಚುವರಿ ಅಲ್ಲ. ಇಷ್ಟು ಹೇಳಿ ಬೆಲೆ ಇಳಿಸಿ. 58ಕ್ಕೆ ಕೇಳಿ.

ಮಾದಾವರ ಕೊನೇ ಸ್ಟಾಪ್:

ಓಡಾಟದ ಬಗ್ಗೆ ನಾನು ಹೇಳುತ್ತೇನೆ. ನಾನು ನೆಲಮಂಗಲದಲ್ಲಿ 2019ರಲ್ಲಿ ಮನೆ ತಗೊಂಡು, 2022ರಲ್ಲಿ ವಾಪಸ್ ರಾಜಾಜಿನಗರಕ್ಕೆ ಬಾಡಿಗೆಗೆ ಬಂದವನು. ಕೆಲಸ ಜಯನಗರದಲ್ಲಿ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದರು. ಸಣ್ಣ ಗಾಡಿಗೆ ಎರಡು ತಿಂಗಳಲ್ಲಿ ಬಿಟ್ಟರು. ಲಾರಿ, ಬಸ್ಸು ಕೆಳಗೇ ಹೋಗಬೇಕಿತ್ತು. ನಾನು ಬಸ್ಸಿನವನು. ಮನೆಗೆ ಬರುವಷ್ಟರಲ್ಲಿ ಮಗ ಮಲಗಿರುತ್ತಿದ್ದ. ಒಂದು ಶನಿವಾರ ಅವನು "ಅಪ್ಪ ಇವತ್ತು ಇಲ್ಲೇ ಇರ್ತಾರಾ?" ಅಂತ ಅವರಮ್ಮನ್ನ ಕೇಳಿದ. ಅವತ್ತೇ ತೀರ್ಮಾನ ಮಾಡಿದೆ.

ಈಗ ಪರಿಸ್ಥಿತಿ ಬೇರೆ. 2024ರ ನವೆಂಬರ್ 7ರಿಂದ ಮೆಟ್ರೊ ಮಾದಾವರದವರೆಗೆ ಓಡುತ್ತಿದೆ. ನೆಲಮಂಗಲದಿಂದ ಅಲ್ಲಿಗೆ ಸುಮಾರು ಹತ್ತು ಕಿಲೋಮೀಟರ್. ನಿಮ್ಮ ಯಜಮಾನರಿಗೆ ಮಾದಾವರದಿಂದ ಯಶವಂತಪುರಕ್ಕೆ ನೇರ ಗಾಡಿ, ಅದೇ ಹಸಿರು ಮಾರ್ಗ. ನಿಮಗೂ ಪೀಣ್ಯ ಅದೇ ದಾರಿಯಲ್ಲಿ. ಬಸ್ಸಿಗೆ ಹೋದರೆ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಇಲ್ಲ. ಮೆಟ್ರೊ ತುಮಕೂರಿಗೆ ಹೋಗುತ್ತೆ ಅನ್ನುವ ಮಾತನ್ನು ಮಾತ್ರ ಬಿಟ್ಟುಬಿಡಿ. ಬ್ರೋಕರ್ ಹೇಳಿದ ರಿಂಗ್ ರೋಡ್ ಹೋಗುವುದು ದಾಬಸ್‌ಪೇಟೆ ಕಡೆಯಿಂದ. ನಿಮ್ಮ ಬೆಳಗಿನ ಓಡಾಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕಿಲೋಮೀಟರ್ ನೋಡಬೇಡಿ, ಒಂದು ವಾರದ ದಿನ ಬೆಳಿಗ್ಗೆ ಏಳೂವರೆಗೆ ಆ ಮನೆ ಬಾಗಿಲಿನಿಂದ ಹೊರಟು ನಿಮ್ಮ ಆಫೀಸ್ ತಲುಪಿ ನೋಡಿ. ಶುಕ್ರವಾರ ಸಂಜೆ ಒಂದು ಸಲ ವಾಪಸ್ ಬನ್ನಿ. ಹಾಸನ, ಮಂಗಳೂರು, ತುಮಕೂರು, ಎಲ್ಲ ಕಡೆ ಊರಿಗೆ ಹೋಗುವವರು ಅವತ್ತು ಇದೇ ರಸ್ತೆಯಲ್ಲಿ ಇರುತ್ತಾರೆ. ಅದನ್ನೂ ತಡೆದುಕೊಳ್ಳಬಹುದು ಅನಿಸಿದರೆ ತಗೊಳ್ಳಿ. ನನ್ನ ಕೆಲಸ ಪೀಣ್ಯದಲ್ಲಿ ಇದ್ದಿದ್ದರೆ ನಾನು ಬಿಡುತ್ತಿರಲಿಲ್ಲ.

ಎರಡನೇ ಮಹಡಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನದಲ್ಲಿ ನೀವು ಹೇಳಿದ್ದೆಲ್ಲ ಮಾಡಿದೆವು.

ಮಂಗಳವಾರ ಬೆಳಿಗ್ಗೆ ಏಳೂ ಮೂವತ್ತೈದಕ್ಕೆ ಆ ಬಾಗಿಲಿನಿಂದ ಹೊರಟೆ. ಬಸ್ಸಿಗೆ ಕಾದಿದ್ದೂ ಸೇರಿ ಆಫೀಸಿಗೆ 58 ನಿಮಿಷ. ಶುಕ್ರವಾರ ಸಂಜೆ ವಾಪಸ್ ಹೋಗೋಕೆ ಒಂದು ಗಂಟೆ ಐವತ್ತು ನಿಮಿಷ. ವಾರಕ್ಕೆ ಒಂದು ದಿನ ಅದನ್ನು ತಡೆದುಕೊಳ್ಳಬಲ್ಲೆ.

ಪಕ್ಕದ ಮನೆಯ ಆಂಟಿ ಕೂರಿಸಿ ಕಾಫಿ ಕೊಟ್ಟರು. ಬೋರ್ ಮೂರು ಮನೆಗೆ ಸೇರಿ ಒಂದು, 900 ಅಡಿ. 2024ರಲ್ಲಿ ನಿಲ್ಲಲಿಲ್ಲ, ಆದರೆ ದಿನಕ್ಕೆ ಅರ್ಧ ಗಂಟೆ ಮಾತ್ರ ಬರುತ್ತಿತ್ತಂತೆ. ಏಪ್ರಿಲ್ ತಿಂಗಳಲ್ಲಿ ನಾಲ್ಕು ಟ್ಯಾಂಕರ್ ಹಾಕಿಸಿದ್ದಾರೆ. ಓನರ್ ನಮಗೆ ಒಂದೂ ಇಲ್ಲ ಅಂದಿದ್ದರು.

ಕಾಗದ ವಕೀಲರಿಗೆ ಕೊಟ್ಟೆವು. ಅಣ್ಣ, ನೀವು ಹೇಳಿದ ಹಾಗೇ ಆಯಿತು. ಹೊಲದ ಮೂಲ ಮಾಲೀಕರಿಗೆ ಮೂರು ಗಂಡು, ಇಬ್ಬರು ಹೆಣ್ಣುಮಕ್ಕಳು. 2011ರ ಪತ್ರದಲ್ಲಿ ಒಬ್ಬ ಮಗಳ ಸಹಿ ಇಲ್ಲ. ಅವರು ಕುಣಿಗಲ್ ಹತ್ತಿರ ಇದ್ದಾರಂತೆ. ಅವರಿಗೆ ಸಲ್ಲಬೇಕಾದ್ದು ಕೊಟ್ಟು, ಅವರು ಮನಸಾರೆ ಒಪ್ಪಿ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಕೊಟ್ಟರೆ ಮಾತ್ರ ಮುಂದಿನ ಮಾತು ಅಂತ ಹೇಳಿ ಬಂದಿದ್ದೇವೆ. ಬ್ರೋಕರ್‌ಗೆ ಸಿಟ್ಟು ಬಂತು, ಬೇರೆ ಪಾರ್ಟಿ ರೆಡಿ ಇದ್ದಾರೆ ಅಂದರು. ಇರಲಿ. ಒಬ್ಬ ಹೆಣ್ಣುಮಗಳ ಪಾಲಿನ ಮೇಲೆ ನನ್ನ ಮಗಳ ಓದುವ ಮೇಜು ಇಡೋಕೆ ನನಗೆ ಇಷ್ಟ ಇಲ್ಲ.

ಯುಗಾದಿಯೊಳಗೆ ಇದು ಮುಗಿಯಲ್ಲ. ಅದಕ್ಕೇ ನೆಲಮಂಗಲದಲ್ಲೇ ಹನ್ನೊಂದು ತಿಂಗಳಿಗೆ ನೆಲಮಹಡಿಯ ಒಂದು ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಒಂದು ಬೇಸಿಗೆ ಅಲ್ಲಿ ಇದ್ದು ನೋಡಿದ ಹಾಗೂ ಆಗುತ್ತದೆ. ಮಗಳ ಶಾಲೆ ಜೂನ್‌ಗೆ ಬದಲಾಯಿಸಬೇಕು, ಅದೊಂದು ಚಿಂತೆ. ಅತ್ತೆ ಮಾತ್ರ ದಿನಾ ಕೇಳುತ್ತಾರೆ, ಆ ಕರಿಬೇವಿನ ಗಿಡಕ್ಕೆ ಯಾರಾದರೂ ನೀರು ಹಾಕುತ್ತಿದ್ದಾರಾ ಅಂತ.

ಒಂಬತ್ತು ಬೇಸಿಗೆ:

ಮೇಡಂ, ನಮ್ಮ ಹಿಂದಿನ ಬೀದಿಯಲ್ಲಿ ಒಂದು ಕೆಳಗಿನ ಮನೆ ಬರುವ ತಿಂಗಳು ಖಾಲಿ ಆಗುತ್ತಿದೆ. ಓನರ್ ವಯಸ್ಸಾದವರು, ಮೇಲೆ ಅವರೇ ಇದ್ದಾರೆ. ಬಾಡಿಗೆ 13 ಸಾವಿರ ಅಂದಿದ್ದಾರೆ. ಭಾನುವಾರ ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಊಟ ನಮ್ಮ ಮನೆಯಲ್ಲೇ. ಹಾಗೇ ನಮ್ಮ ಸಂಪು, ಡ್ರಮ್ಮು ಎಲ್ಲ ತೋರಿಸುತ್ತೇನೆ.