ಪದಚರ್ಚೆ: ‘ಪ್ಲಗ್ ಊರಿ’ಗೆ ಕನ್ನಡ ಬೇಕು, ನಾಳೆ ಸಂಜೆಯೊಳಗೆ

ಬದಿಯಡ್ಕದಿಂದ, ಬುಧವಾರ ಬೆಳಿಗ್ಗೆ

ಪದಚರ್ಚೆ ಬಳಗದ ಎಲ್ಲರಿಗೂ ನಮಸ್ಕಾರ. ಒಂದು ಅರ್ಜೆಂಟ್ ಕೆಲಸ. ನಮ್ಮ ಊರಿನ ವಾಚನಾಲಯದಲ್ಲಿ ಇಂಟರ್ನೆಟ್ ರೂಟರ್ ಇದೆ, ಪಕ್ಕದಲ್ಲೇ ಟಿವಿಯ ಸೆಟ್‌ಟಾಪ್ ಬಾಕ್ಸ್. ವಾರಕ್ಕೊಮ್ಮೆಯಾದರೂ ಎರಡರಲ್ಲಿ ಒಂದು ಮುಷ್ಕರ ಹೂಡುತ್ತದೆ. ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಸರಿಯಾಗುತ್ತದೆ. ಇಷ್ಟಕ್ಕೆ ನನಗೆ ಫೋನ್ ಬರಬಾರದು ಅಂತ ಗೋಡೆಗೆ ಒಂದು ಸ್ಟಿಕರ್ ಅಂಟಿಸುವುದು. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಹಾಗಾಗಿ ಮಲಯಾಳ ಕನ್ನಡ ಎರಡರಲ್ಲೂ.

ಮಲಯಾಳದ್ದು ರೆಡಿ: ‘ಪ್ಲಗ್ ಊರಿ 30 ಸೆಕೆಂಡ್ ಕಳಿಞ್ಞ್ ವೀಂಡುಂ ಕುತ್ತುಗ.’ ಹೋದ ಸಲ ಪ್ರಿಂಟಿಂಗ್ ಅಂಗಡಿಯ ಹುಡುಗನೇ ಇದನ್ನು ಕನ್ನಡ ಮಾಡಿದ್ದ. ಉಳಿದದ್ದೆಲ್ಲ ಸರಿ, ‘ಊರಿ’ಯನ್ನು ಮಾತ್ರ ಹಾಗೇ ಬಿಟ್ಟಿದ್ದ. ಮಲಯಾಳದಲ್ಲಿ ಊರುವುದು ಅಂದರೆ ಕಳಚುವುದು. ನಮ್ಮಲ್ಲಿ ಪೂರಾ ಉಲ್ಟಾ. ಪೇಪರ್ ಓದಲು ಬರುವ ಹಿರಿಯರೊಬ್ಬರು ಆ ಸ್ಟಿಕರ್ ಓದಿ, ಪ್ಲಗ್ಗಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದು ಕೈಯ ಗಡಿಯಾರ ನೋಡುತ್ತಾ ಅರ್ಧ ನಿಮಿಷ ಬಗ್ಗಿ ನಿಂತಿದ್ದರು. ನಾನೇ ಕಂಡದ್ದು. ‘ಊರಿದೆ ಮಾರಾಯ, ಏನೂ ಆಗಲಿಲ್ಲ’ ಅಂದರು. ಅವರ ಕನ್ನಡದಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು. ರೂಟರಿನ ಹಿಂದೆ ಸೂಜಿಯಷ್ಟು ತೂತು ಇದೆ, ರೀಸೆಟ್ ಅಂತ ಬರೆದಿದೆ. ಅದನ್ನು ಮುಟ್ಟಬಾರದು ಅಂತಲೂ ಹೇಳಬೇಕು. ಫೋನಿನ ಕನ್ನಡದಲ್ಲಿ ರೀಸ್ಟಾರ್ಟ್ ಮಾಡಿ ಅನ್ನುವುದಕ್ಕೆ ‘ಮರುಪ್ರಾರಂಭಿಸಿ’, ರೀಸೆಟ್ ಮಾಡಿ ಅನ್ನುವುದಕ್ಕೆ ‘ಮರುಹೊಂದಿಸಿ’. ಗಡಿಬಿಡಿಯಲ್ಲಿ ಓದುವವನಿಗೆ ಎರಡೂ ‘ಮರು’ ಅಷ್ಟೇ. ಜಾಗ ಇರುವುದು ಅಂಗೈ ಅಗಲ. ಏನು ಬರೆಯಲಿ?

ಪೆರ್ಲದಿಂದ, ಬುಧವಾರ ಮಧ್ಯಾಹ್ನ

ಹುಡುಗನನ್ನು ಬೈಯಬೇಡಿ, ಅವನಿಂದಾಗಿ ಒಂದು ಚಂದದ ಪದ ಸಿಕ್ಕಿತು. ನಮ್ಮ ‘ಊರು’ ಹಳಗನ್ನಡದಲ್ಲಿ ‘ಊಱು’, ಶಕಟರೇಫ, ಅಂದರೆ ಹಳೆಯ ಗಟ್ಟಿ ರಕಾರ. ತಮಿಳಿನಲ್ಲಿ ಊನ್ಱು, ಮಲಯಾಳದಲ್ಲಿ ಊನ್ನು. ನಮ್ಮ ಊರುಗೋಲು ಅವರ ಊನ್ನುವಡಿ. ಅಂಗಿ ಊರುವುದು, ಚಪ್ಪಲಿ ಊರುವುದು ಅಂತ ಅವರು ಹೇಳುವಾಗ ಇರುವುದು ಬೇರೆಯೇ ಧಾತು, ಅದರಲ್ಲಿ ಸಾದಾ ರಕಾರ. ನಾವು ಱ ಕಳಕೊಂಡೆವು, ಅದಕ್ಕೇ ಎರಡೂ ಒಂದೇ ತರ ಕಾಣುತ್ತವೆ.

‘ಮರು’ ಕೂಡ ‘ಮಱು’ವೇ. ಮಲಯಾಳದಲ್ಲಿ ಉತ್ತರಕ್ಕೆ ‘ಮಱುಪಡಿ’ ಅನ್ನುತ್ತಾರಲ್ಲ, ಅದರಲ್ಲಿ ಆ ಗಟ್ಟಿ ರಕಾರ ಇವತ್ತಿಗೂ ಕೇಳುತ್ತದೆ.  

‘ಮರುಪ್ರಾರಂಭ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಬದಿಯಡ್ಕದಿಂದ

ಮಾಷ್ಟ್ರೇ, ಖುಷಿಯಾಯಿತು. ಆದರೆ ಸ್ಟಿಕರಿನಲ್ಲಿ ಏನು ಬರೆಯಲಿ?

ಬೆಂಗಳೂರಿನಿಂದ (ಮೂಲ ಕುಂಬಳೆ), ಬುಧವಾರ ಸಂಜೆ

ಸಂಸ್ಕೃತ ಬೇಡ, ಇಂಗ್ಲಿಷೂ ಬೇಡ. ನನ್ನ ಪಟ್ಟಿ: ಪ್ಲಗ್‌ಗೆ ಮಿಂಚುಬೆಣೆ. ರೀಸ್ಟಾರ್ಟ್‌ಗೆ ಮರುತೊಡಗು. ರೀಸೆಟ್‌ಗೆ ಮೊದಲಾಗಿಸು. ಟಿವಿಯನ್ನು ರಿಮೋಟಿನಲ್ಲಿ ಆಫ್ ಮಾಡಿದಾಗ ಕೆಂಪು ದೀಪ ಉಳಿಯುತ್ತದಲ್ಲ, ಆ ಸ್ಥಿತಿಗೆ ತೂಕಡಿಕೆ. ‘ಮಿಂಚುಬೆಣೆ ಕಳಚಿ, 30 ಎಣಿಸಿ, ಮರುತೊಡಗಿ.’ ಗಡಿಯಲ್ಲಿರುವ ನೀವೇ ಬಳಸದಿದ್ದರೆ ಇನ್ಯಾರು ಬಳಸುತ್ತಾರೆ?

ಮುಳ್ಳೇರಿಯದಿಂದ

ಮಿಂಚುಬೆಣೆ ಅಂದರೆ ನಮ್ಮಲ್ಲಿ ಸಿಡಿಲಿಗೆ ಹಾಕುವ ಕಂಬಿ ಅಂದುಕೊಳ್ಳುತ್ತಾರೆ. ಅದನ್ನು ಕಳಚಲು ಮನೆಯ ಮಾಡು ಹತ್ತಿದರೆ ನೀವು ಜವಾಬ್ದಾರಿಯೋ? ಸಂಸ್ಕೃತ ಬಿಟ್ಟು ಅಚ್ಚಗನ್ನಡದಲ್ಲಿ ಕಾವ್ಯ ಬರೆದ ಆಂಡಯ್ಯನಿಗೆ ವಾಚನಾಲಯದಲ್ಲಿ ಸ್ಟಿಕರ್ ಅಂಟಿಸುವ ಕೆಲಸ ಇರಲಿಲ್ಲ.

ತೂಕಡಿಕೆ ಮಾತ್ರ ಲಾಯ್ಕಿದೆ. ಅದು ನನಗಿರಲಿ.

ಮಂಜೇಶ್ವರದಿಂದ, ಬುಧವಾರ ರಾತ್ರಿ

ಇಷ್ಟೆಲ್ಲ ಯಾಕೆ? ‘ಪ್ಲಗ್ ತೆಗೆದು ಹಾಕಿ’ ಅಂದರೆ ಮುಗೀತು. ಆದರೆ ನಡುವೆ ಜಾಗ ಬಿಟ್ಟು ಬರೆಯಬೇಕು. ‘ತೆಗೆದುಹಾಕಿ’ ಅಂತ ಸೇರಿಸಿದಿರೋ, ಅರ್ಥ ಇಲ್ಲವಾಗಿಸಿ ಅಂತ. ನಾನು ಕರಡು ತಿದ್ದುವ ಕೆಲಸದವ, ಈ ಒಂದು ಜಾಗಕ್ಕೋಸ್ಕರ ಜಗಳ ಆಡಿದ್ದೇನೆ. ಡಿಟಿಪಿ ಮಾಡುವವರು ಸಾಲು ಹಿಡಿಸಲಿಕ್ಕೆ ಮೊದಲು ನುಂಗುವುದೇ ಆ ಜಾಗವನ್ನು. ಆಮೇಲೆ ನಿಮ್ಮ ಹಿರಿಯರು ಪ್ಲಗ್ಗನ್ನು ತೆಗೆದುಹಾಕಿ ಮನೆಗೆ ಹೋಗುತ್ತಾರೆ, ಸಂಜೆವರೆಗೆ ವಾಚನಾಲಯಕ್ಕೆ ನೆಟ್ ಇಲ್ಲ.

‘ಕಿತ್ತು’ ಬೇಡ. ಕಳೆ ಕಿತ್ತ ಹಾಗೆ ವಯರು ಹಿಡಿದು ಎಳೆಯುತ್ತಾರೆ.

ಉಪ್ಪಳದಿಂದ, ಗುರುವಾರ ಬೆಳಿಗ್ಗೆ

ನಾನು ಭಾಷೆಯವ ಅಲ್ಲ, ಟಿವಿ ರಿಪೇರಿಯವ. ಸುಮ್ನೆ ಓದುತ್ತಿದ್ದೆ. ನೀವು ಒಂದೇ ಪದ ಹುಡುಕುತ್ತಿದ್ದೀರಿ, ಕೆಲಸ ಮೂರಿದೆ. ಅದರಲ್ಲಿ ನಡುವಿನದ್ದನ್ನು ಜನ ಮಾಡುವುದೇ ಇಲ್ಲ.

ರೂಟರ್, ಬಾಕ್ಸ್, ಈಗಿನ ಟಿವಿ, ಎಲ್ಲ ಒಳಗೆ ಸಣ್ಣ ಕಂಪ್ಯೂಟರೇ. ಅದಕ್ಕೆ ಎರಡು ತರದ ನೆನಪು. ಒಂದು ಸ್ಲೇಟಿನ ಹಾಗೆ, ಕರೆಂಟು ಇರುವವರೆಗೆ ಮಾತ್ರ. ಯಾವ ಫೋನಿಗೆ ಯಾವ ಕೆಲಸ ನಡೀತಾ ಇದೆ ಅನ್ನುವ ಲೆಕ್ಕ ಎಲ್ಲ ಅದರಲ್ಲಿ. ಇನ್ನೊಂದು ಕಲ್ಲಿನಲ್ಲಿ ಕೊರೆದ ಹಾಗೆ, ಕರೆಂಟು ಹೋದರೂ ಉಳಿಯುತ್ತದೆ. ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಇರುವುದು ಅಲ್ಲಿ. ರೂಟರನ್ನು ಯಾರೂ ಆಫ್ ಮಾಡುವುದಿಲ್ಲ, ತಿಂಗಳುಗಟ್ಟಲೆ ಓಡುತ್ತದೆ. ಒಂದು ಪ್ರೋಗ್ರಾಂ ಸ್ಲೇಟಿನಲ್ಲಿ ಜಾಗ ತೆಗೆದುಕೊಂಡು ವಾಪಸು ಕೊಡುವುದಿಲ್ಲ. ಇನ್ನೆರಡು, ನೀನು ಮೊದಲು ನೀನು ಮೊದಲು ಅಂತ ಒಂದನ್ನೊಂದು ಕಾಯುತ್ತಾ ಕೂರುತ್ತವೆ. ಹೀಗೆ ಸಿಕ್ಕಾಗುತ್ತದೆ.

ಯಕ್ಷಗಾನ ಆಟದಲ್ಲಿ ತಾಳ ತಪ್ಪಿತು ಅಂದುಕೊಳ್ಳಿ. ಮದ್ದಳೆ ಒಂದು ಕಡೆ, ಚೆಂಡೆ ಇನ್ನೊಂದು ಕಡೆ, ವೇಷ ಮೂರನೇ ಕಡೆ. ಎಲ್ಲಿ ತಪ್ಪಿತು ಅಂತ ಹುಡುಕುತ್ತಾ ಹೋದರೆ ಬೆಳಗಾಗುತ್ತದೆ. ನಿಲ್ಲಿಸಿ, ಭಾಗವತರು ಪದವನ್ನು ಮೊದಲಿನಿಂದ ಎತ್ತಿಕೊಂಡರೆ ಎಲ್ಲರೂ ಒಂದೇ ತಾಳಕ್ಕೆ ಬರುತ್ತಾರೆ. ಪ್ಲಗ್ ತೆಗೆಯುವುದು ಅಂದರೆ ಅಷ್ಟೇ. ಏನು ತಪ್ಪಿತ್ತು ಅಂತ ಗೊತ್ತಾಗುವುದಿಲ್ಲ, ಸ್ಲೇಟು ಒರೆಸಿ ಹೋಗುತ್ತದೆ, ಮಿಷನ್ ಪ್ರತಿಸಲ ಶುರು ಮಾಡುವ ಜಾಗದಿಂದಲೇ ಶುರು ಮಾಡುತ್ತದೆ.

ಮೂವತ್ತು ಸೆಕೆಂಡು ಯಾಕೆ? ಒಳಗೆ ಕೆಪಾಸಿಟರ್ ಇರುತ್ತದೆ, ಅದು ಕರೆಂಟು ಹಿಡಿದಿಟ್ಟುಕೊಳ್ಳುತ್ತದೆ. ಪ್ಲಗ್ ತೆಗೆದ ಕೂಡಲೇ ಅಡಾಪ್ಟರಿನ ಸಣ್ಣ ದೀಪವನ್ನು ನೋಡಿ. ಕೆಲವದರಲ್ಲಿ ಪಕ್ಕನೆ ಆರುವುದಿಲ್ಲ, ಮಂದವಾಗುತ್ತಾ ಮಂದವಾಗುತ್ತಾ ಹೋಗುತ್ತದೆ. ಆ ಉಳಿದ ಕರೆಂಟಿನಲ್ಲಿ ಸ್ಲೇಟಿನ ಅರ್ಧ ಬರಹ ಉಳಿಯಬಹುದು. ತೆಗೆದು ಟಕ್ಕನೆ ಸಿಕ್ಕಿಸಿ ‘ಸರಿಯಾಗಲಿಲ್ಲ’ ಅಂತ ನನ್ನ ಅಂಗಡಿಗೆ ಹೊತ್ತು ತರುತ್ತಾರೆ. ನಾನು ಮೇಜಿನ ಮೇಲಿಟ್ಟು ಚಾ ಕುಡಿದು ಬಂದು ಪ್ಲಗ್ ಹಾಕುತ್ತೇನೆ. ಸರಿಯಾಗಿರುತ್ತದೆ. ದುಡ್ಡು ತೆಗೆದುಕೊಳ್ಳಲಿಕ್ಕೆ ನಾಚಿಕೆಯಾಗುತ್ತದೆ.

ಹಿಂದಿನ ತೂತು ಬೇರೆ ಸಂಗತಿ. ಅದು ಕಲ್ಲಿನ ಬರಹವನ್ನೂ ಅಳಿಸಿ, ಕಂಪೆನಿಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡುತ್ತದೆ. ಕಡ್ಡಿ ಹಾಕಿ ಒತ್ತಿ ಹಿಡಿದರೋ, ವೈಫೈ ಹೆಸರೂ ಇಲ್ಲ, ಪಾಸ್‌ವರ್ಡೂ ಇಲ್ಲ.

ಇನ್ನೊಂದು ಮಾತು. ಗೋಡೆಯ ಸ್ವಿಚ್ ಆಫ್ ಮಾಡಿದರೂ ಸಾಕು, ಪ್ಲಗ್ ತೆಗೆಯಲೇಬೇಕು ಅಂತಿಲ್ಲ. ರಿಮೋಟಿನಲ್ಲಿ ಆಫ್ ಮಾಡಿದರೆ ಮಾತ್ರ ಸಾಲದು, ಅದು ಬೆಂಗಳೂರಿನವರು ಹೇಳಿದ ತೂಕಡಿಕೆ. ಮತ್ತೆ, ಈ ಸ್ಟಿಕರ್ ನೋಡಿ ಯಾರೂ ಫ್ರಿಜ್ಜಿಗೆ ಮೂವತ್ತು ಎಣಿಸಬೇಡಿ. ಅದರ ಕಂಪ್ರೆಸರಿಗೆ ಪುನಃ ಎದ್ದೇಳಲು ಐದು ನಿಮಿಷವಾದರೂ ಬಿಡಬೇಕು.

ಮುಳ್ಳೇರಿಯದಿಂದ

ಪ್ಲಗ್ ಬೇಡವೇ ಬೇಡವಂತೆ! ನಿನ್ನೆಯಿಂದ ಮಿಂಚುಬೆಣೆಗೆ ಹೊಡೆದಾಡಿದ್ದು ಯಾಕೆ?

ಬದಿಯಡ್ಕದಿಂದ

ಬೇಕು ಬೇಕು. ನಮ್ಮಲ್ಲಿ ರೂಟರ್, ಕಂಪ್ಯೂಟರ್ ಎಲ್ಲ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ. ಸ್ವಿಚ್ ಒಂದೇ. ಆಫ್ ಮಾಡಿದರೆ ಯಾರದೋ ಅರ್ಧ ತುಂಬಿಸಿದ ಅರ್ಜಿಯೂ ಹೋಗುತ್ತದೆ. ಉಪ್ಪಳದಣ್ಣ, ಭಾರೀ ಉಪಕಾರವಾಯಿತು.

ಬೆಂಗಳೂರಿನಿಂದ

ತಮಾಷೆ ಮಾಡುವುದು ಸುಲಭ. ರೂಟರ್, ಅಡಾಪ್ಟರ್, ಕೆಪಾಸಿಟರ್, ಎಕ್ಸ್‌ಟೆನ್ಶನ್ ಬಾಕ್ಸ್. ಮೇಲಿನ ಎರಡು ಪತ್ರದಲ್ಲಿ ಕನ್ನಡ ಎಷ್ಟಿದೆ ಎಣಿಸಿ ನೋಡಿ. ಹೀಗೇ ಬಿಟ್ಟರೆ ಕಡೆಗೆ ವಿಭಕ್ತಿ ಪ್ರತ್ಯಯ ಮಾತ್ರ ನಮ್ಮದು, ಉಳಿದದ್ದೆಲ್ಲ ಕಡ ತಂದದ್ದು.

ಮುಳ್ಳೇರಿಯದಿಂದ

ನಿಮ್ಮ ಕುಂಬಳೆಯ ಮನೆಯಲ್ಲಿ ಚಾವಿ ಇದೆಯಲ್ಲ? ಜನೇಲು? ಬಟಾಟೆ? ಮೂರೂ ಪೋರ್ಚುಗೀಸರದ್ದು. ನಿಮ್ಮ ಅಜ್ಜಿ ಬಟಾಟೆ ಹಪ್ಪಳ ಒಣಹಾಕುವಾಗ ಕನ್ನಡ ಕೆಟ್ಟಿತು ಅಂತ ಯಾರೂ ಅಳಲಿಲ್ಲ. ‘ಪ್ಲಗ್ಗಿಗೆ’ ಅನ್ನುತ್ತೇವೆ, ‘ಪ್ಲಗ್ಗನ್ನು’ ಅನ್ನುತ್ತೇವೆ. ಗಕಾರ ಒತ್ತಿ, ಪ್ರತ್ಯಯ ಹಚ್ಚಿ, ಬಾಯಿಗೆ ಒಗ್ಗಿದ ಮೇಲೆ ಅದು ಯಾರದ್ದು?

ಬೆಂಗಳೂರಿನಿಂದ

ಚಾವಿ ಬಂದಾಗ ಕನ್ನಡಕ್ಕೆ ಗಂಡಾಂತರ ಇರಲಿಲ್ಲ. ಈಗ ಇದೆ. ನಿಮ್ಮ ಜಿಲ್ಲೆಯಲ್ಲಂತೂ ಜಾಸ್ತಿ.

ಮುಳ್ಳೇರಿಯದಿಂದ

1956ರ ನವೆಂಬರ್ 1ಕ್ಕೆ ನೀವೀಗ ಇರುವ ಕಡೆ ಕನ್ನಡದ ಪ್ರದೇಶಗಳು ಸೇರಿ ಒಂದು ರಾಜ್ಯವಾಯಿತು, ನಮ್ಮನ್ನು ಕೇರಳಕ್ಕೆ ಹಾಕಿದರು. ಗಂಡಾಂತರ ಏನು ಅಂತ ನಮಗೆ ಬೆಂಗಳೂರಿನಿಂದ ಪತ್ರ ಬರೆದು ತಿಳಿಸಬೇಕಾಗಿಲ್ಲ. ಮೇಲೆ ಮಲಯಾಳ, ಕೆಳಗೆ ಕನ್ನಡ ಇರುವ ಬೋರ್ಡಿನಲ್ಲಿ ಕೆಳಗಿನ ಸಾಲು ಅರ್ಥವಾಗದಿದ್ದರೆ ನಮ್ಮ ಮಕ್ಕಳು ಮೇಲಿನ ಸಾಲು ಓದುತ್ತಾರೆ. ಎರಡೂ ಬರುತ್ತದೆ ಅವರಿಗೆ. ಮಿಂಚುಬೆಣೆ ಅಂತ ಬರೆದು ನೋಡಿ, ಕನ್ನಡ ಓದುವ ಅಭ್ಯಾಸವನ್ನೇ ಬಿಡುತ್ತಾರೆ.

ಪೆರ್ಲದಿಂದ

ಒಂದು ತಿದ್ದುಪಡಿ. ‘ಪ್ಲಗ್ಗು’ ಅಂತ ಇಮ್ಮಡಿಯಾಗುವುದನ್ನು ‘ಒಗ್ಗಿತು’ ಅಂದರೆ ಸಾಲದು. ಹೃಸ್ವ ಸ್ವರದ ಮುಂದೆ ವ್ಯಂಜನ ಕೊನೆಯಾದ ಒಂಟಿ ಅಕ್ಷರದ ಪದಕ್ಕೆ ಅದು ನಿಯಮ. ಕಣ್ ಕಣ್ಣು, ಕಲ್ ಕಲ್ಲು, ಪ್ಲಗ್ ಪ್ಲಗ್ಗು, ಬಸ್ ಬಸ್ಸು. ಹಳಗನ್ನಡದಿಂದ ಬಂದ ಕಾನೂನನ್ನು ಬಸ್ಸೂ ಪಾಲಿಸುತ್ತಿದೆ.

ಮಂಜೇಶ್ವರದಿಂದ

‘ಹ್ರಸ್ವ’, ಮಾಷ್ಟ್ರೇ. ‘ಹೃಸ್ವ’ ಅಲ್ಲ.

ಬಾಯಾರಿನಿಂದ, ಗುರುವಾರ ಮಧ್ಯಾಹ್ನ

ಎರಡು ದಿನದಿಂದ ಓದುತ್ತಿದ್ದೇನೆ. ಒಂದು ಕೇಳಲಾ? ತುಲಾ ತಿಂಗಳಲ್ಲಿ, ಅಕ್ಟೋಬರ್ ನವೆಂಬರ್ ಹೊತ್ತಿಗೆ, ಮಧ್ಯಾಹ್ನ ಮೂರು ಗಂಟೆಗೆ ಮೋಡ ಕಟ್ಟಿ, ಗುಡ್ಡದಾಚೆ ಮೊದಲ ಗುಡುಗು ಕೇಳಿದಾಗ ನಿಮ್ಮ ನಿಮ್ಮ ಮನೆಯಲ್ಲಿ ಏನು ಕೂಗುತ್ತಾರೆ? ನಮ್ಮಲ್ಲಿ ಅಂಗಳದಿಂದ ಅಡಿಕೆ ಬಾಚುತ್ತಾ ಅತ್ತೆ ಕೂಗುವುದು ‘ಪ್ಲಗ್ಗು ತೆಗೆ!’ ಅಂತ. ಮಳೆ ಬಿಟ್ಟ ಮೇಲೆ ಮಕ್ಕಳು ಕೇಳುವುದು ‘ಇನ್ನು ಹಾಕಬಹುದಾ?’ ಅಂತ. ತೆಗೆ, ಹಾಕು. ಇಷ್ಟು ವರ್ಷದಲ್ಲಿ ಯಾರೂ ಪ್ಲಗ್ಗನ್ನು ಒತ್ತಿ ಹಿಡಿದು ನಿಂತದ್ದಿಲ್ಲ, ತೆಗೆದುಹಾಕಿ ಬಿಸಾಡಿದ್ದೂ ಇಲ್ಲ. ತೆಗೆಯುವುದಕ್ಕೂ ಹಾಕುವುದಕ್ಕೂ ನಡುವೆ ಕಾಯುವುದಿದೆ ಅಂತ ಎಲ್ಲರಿಗೂ ಗೊತ್ತು.

ರೀಸ್ಟಾರ್ಟ್ ಪದವನ್ನು ಬಿಟ್ಟುಬಿಡಿ. ಎರಡು ಕ್ರಿಯಾಪದವನ್ನು ದೂರ ದೂರ ಇಡಿ, ನಡುವೆ ಎಣಿಸುವುದನ್ನು ಇಡಿ. ಮಂಜೇಶ್ವರದವರ ಜಾಗದ ಜಗಳವೂ ಮುಗಿಯುತ್ತದೆ.

ಬದಿಯಡ್ಕದಿಂದ, ಗುರುವಾರ ಸಂಜೆ

ಅಕ್ಕ, ಇದನ್ನು ಬುಧವಾರವೇ ಹೇಳಬಾರದಿತ್ತೇ! ಪ್ರಿಂಟಿಗೆ ಕೊಟ್ಟದ್ದು ಹೀಗೆ:

‘ನೆಟ್ ಬರದಿದ್ದರೆ ಪ್ಲಗ್ ತೆಗೆಯಿರಿ. ನಿಧಾನಕ್ಕೆ 30 ಎಣಿಸಿ. ಪುನಃ ಹಾಕಿ. ಮೂರು ನಿಮಿಷ ಕಾಯಿರಿ. ಹಿಂದಿನ ತೂತಿಗೆ ಕಡ್ಡಿ ಹಾಕಬೇಡಿ.’

ಕೊನೆಯ ವಾಕ್ಯ ಓದಿ ಅಂಗಡಿಯ ಹುಡುಗ ಒಂದು ಸಲ ನನ್ನ ಮುಖ ನೋಡಿದ. ರೀಸೆಟ್ ಅನ್ನುವ ಪದವನ್ನೇ ತೆಗೆದೆ. ಇಂಥದ್ದೊಂದು ಇದೆ ಅಂತ ಹೆಸರು ಹೇಳಿ ತಿಳಿಸಿದರೆ ಕೈ ಸುಮ್ಮನಿರುವುದಿಲ್ಲ.

ಉಪ್ಪಳದಿಂದ

ಒಳ್ಳೆಯದಾಯಿತು. ಆದರೆ ವಾರಕ್ಕೊಮ್ಮೆ ಎಣಿಸಬೇಕಾಗಿ ಬಂದರೆ ಅದು ರೋಗ ವಾಸಿಯಾದದ್ದಲ್ಲ. ರೂಟರ್ ಪೇಪರಿನ ಅಟ್ಟಿಯ ಅಡಿಯಲ್ಲಿ ಇದೆಯಾ ನೋಡಿ, ಗಾಳಿ ಇಲ್ಲದೆ ಬಿಸಿಯಾಗುತ್ತಿರಬಹುದು. ಅಡಾಪ್ಟರ್ ಹಳತಾಗಿದ್ದರೂ ಹೀಗಾಗುತ್ತದೆ. ಒಮ್ಮೆ ಬದಲಿಸಿ ನೋಡಿ.

ಬೆಂಗಳೂರಿನಿಂದ

‘ನೆಟ್’ ಕೂಡ ಹಾಗೇ ಉಳಿಸಿದಿರಾ? ಸರಿ.

ಪೆರ್ಲದಿಂದ, ಗುರುವಾರ ರಾತ್ರಿ

ಊಱು, ಊರು ಬಗ್ಗೆ ನಾನು ಅಷ್ಟು ಬರೆದೆ, ಒಬ್ಬರೂ ಎತ್ತಿಕೊಳ್ಳಲಿಲ್ಲ. ಅಂಗಿ ಕಳಚುವುದಕ್ಕೆ ‘ಊರು’ ಅನ್ನುವ ಮಾತು ಕಾಸರಗೋಡಿನ ಯಾರ ಮನೆಗನ್ನಡದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ವಿಷಯದ ಸಾಲು ಬದಲಿಸಿ ಬರೆಯಿರಿ, ಸ್ಟಿಕರಿನ ಕೆಳಗೆ ಬೇಡ.