ಪದಚರ್ಚೆ: ಕಂಪ್ಯೂಟರಿನ ‘ಏಜೆಂಟ್’ ದಲ್ಲಾಳಿಯೋ, ನಿಯೋಗಿಯೋ, ಕರ್ತೃವೋ?

ಪ್ರಶ್ನೆ (ಮಂಡ್ಯದಿಂದ)

ಎಲ್ಲರಿಗೂ ನಮಸ್ಕಾರ. ಬಿಸಿಎ ವಿದ್ಯಾರ್ಥಿಗಳಿಗಾಗಿ ‘ಏಜೆಂಟ್ ಬೇಸ್ಡ್ ಮಾಡೆಲಿಂಗ್’ ಮತ್ತು ‘ಮಲ್ಟಿ ಏಜೆಂಟ್ ಸಿಸ್ಟಮ್’ ಕುರಿತ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಮೊದಲನೆಯದರಲ್ಲಿ ತಂತಮ್ಮ ನಿಯಮದಂತೆ ನಡೆಯುವ ಬಿಡಿ ಏಜೆಂಟುಗಳಿಂದ ಕಂಪ್ಯೂಟರಿನಲ್ಲಿ ಒಂದು ಮಾದರಿ ಕಟ್ಟುತ್ತೇವೆ, ಎರಡನೆಯದರಲ್ಲಿ ಹಲವು ಏಜೆಂಟುಗಳು ಸಂದೇಶ ಕಳಿಸಿಕೊಂಡು ಕೆಲಸ ಹಂಚಿಕೊಳ್ಳುತ್ತವೆ. ತೊಡಕು ಮೊದಲ ಪದದಲ್ಲೇ. ಕರಡಿನಲ್ಲಿ ಒಬ್ಬರು ‘ಪ್ರತಿನಿಧಿ’ ಎಂದು ಬರೆದಿದ್ದಾರೆ, ಇನ್ನೊಬ್ಬರು ‘ನಿಯೋಗಿ’, ಮತ್ತೊಬ್ಬರು ‘ಮಧ್ಯವರ್ತಿ’. ನಮ್ಮ ಕಡೆ ಏಜೆಂಟ್ ಅಂದರೆ ಬೆಲ್ಲದ ಮಂಡಿಯ ದಲ್ಲಾಳಿ, ಇಲ್ಲವೇ ವಿಮೆಯವರು, ಸೈಟಿನವರು. ಕಮಿಷನ್ ಇಲ್ಲದ ಏಜೆಂಟ್ ಎಂದರೆ ಹುಡುಗರು ನಗುತ್ತಾರೆ.

ಪದ ಕೂರಬೇಕಾದ ವಾಕ್ಯಗಳು ಎರಡು ಬಗೆಯವು:

“ಪ್ರತಿ ___ ತನ್ನ ಸುತ್ತಲಿನ ಎಂಟು ಚೌಕಗಳನ್ನು ನೋಡುತ್ತದೆ. ತನ್ನ ಬಣ್ಣದವು ಬೇಕಾದಷ್ಟು ಇಲ್ಲದಿದ್ದರೆ ಖಾಲಿ ಚೌಕಕ್ಕೆ ಹೋಗುತ್ತದೆ.”

“ಕೆಲಸ ಹಂಚುವ ___ ಕರೆ ಹೊರಡಿಸುತ್ತದೆ. ಉಳಿದವು ಸವಾಲು ಕೂಗುತ್ತವೆ.”

ಜೊತೆಗೆ ವ್ಯಾಕರಣದ ತಕರಾರು. ಏಜೆಂಟ್ ನೋಡುತ್ತದೆಯೋ, ನೋಡುತ್ತಾನೆಯೋ? ನಮ್ಮ ಕ್ರಿಯಾಪದ ಲಿಂಗ ಕೇಳದೆ ಮುಂದೆ ಹೋಗುವುದಿಲ್ಲ. ಪಾಠದ ಮುಖ್ಯ ಉದಾಹರಣೆ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆಯವರು. ರೈತರನ್ನು ‘ಅದು’ ಅನ್ನುವುದು ಹೇಗೆ? ಕೊನೆಗೆ, ‘ಎಮರ್ಜೆನ್ಸ್’ ಎಂಬುದಕ್ಕೆ ‘ಉದ್ಭವ’ ಸಾಕೇ?

ಉತ್ತರ (ಮೈಸೂರಿನಿಂದ)

ಸರ್, ಕರಡಿನ ಮೂರೂ ಪದಗಳಿಗೆ ಅಂಟಿಕೊಂಡಿರುವ ಅರ್ಥ ಒಂದೇ: ಬೇರೆ ಯಾರದೋ ಪರವಾಗಿ ನಿಂತವರು. ನಿಮ್ಮ ಮೊದಲ ವಾಕ್ಯ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ಪ್ರಕಟಿಸಿದ ವಸತಿ ವಿಂಗಡಣೆಯ ಮಾದರಿಗೆ ಸೇರಿದ್ದು. ಅಲ್ಲಿ ಏಜೆಂಟ್ ಯಾರ ಪರವೂ ಅಲ್ಲ. ಅದಕ್ಕೊಂದು ಜಾಗ, ಒಂದು ಬಣ್ಣ, ಒಂದು ನಿಯಮ, ಅಷ್ಟೆ. ಅದನ್ನು ‘ಪ್ರತಿನಿಧಿ’ ಎಂದ ತಕ್ಷಣ ಓದುವವರು ‘ಯಾರ ಪ್ರತಿನಿಧಿ?’ ಎಂದು ಹುಡುಕತೊಡಗುತ್ತಾರೆ.

ಇಲ್ಲಿಗೆ ನನ್ನ ಆಯ್ಕೆ ‘ಕರ್ತೃ’. ಪಾಣಿನಿಯ ಸೂತ್ರ ‘ಸ್ವತಂತ್ರಃ ಕರ್ತಾ’ (1.4.54): ಕ್ರಿಯೆಯಲ್ಲಿ ಸ್ವತಂತ್ರವಾಗಿರುವುದೇ ಕರ್ತೃ. ಕಂಪ್ಯೂಟರ್ ವಿಜ್ಞಾನಿಗಳಾದ ವೂಲ್ಡ್ರಿಜ್ ಮತ್ತು ಜೆನ್ನಿಂಗ್ಸ್ 1995ರಲ್ಲಿ ಏಜೆಂಟಿಗೆ ಹೇಳಿದ ನಾಲ್ಕು ಲಕ್ಷಣಗಳಲ್ಲಿ ಮೊದಲನೆಯದೂ ಸ್ವಾಯತ್ತತೆಯೇ. ಉಳಿದ ಮೂರು: ಇತರರೊಡನೆ ವ್ಯವಹರಿಸುವುದು, ಸುತ್ತಲಿನ ಬದಲಾವಣೆಗೆ ಪ್ರತಿಕ್ರಿಯಿಸುವುದು, ಯಾರೂ ಹೇಳದೆ ತಾನಾಗಿ ಮುಂದಾಗುವುದು. ಪ್ರೋಗ್ರಾಮಿನ ‘ಆಬ್ಜೆಕ್ಟ್’ಗೂ ಏಜೆಂಟಿಗೂ ಇರುವ ಅಂತರವನ್ನು ಇದೇ ವ್ಯಾಕರಣದಿಂದ ಹೇಳಬಹುದು. ಕರೆದಾಗಲೆಲ್ಲ ಕೆಲಸ ಮಾಡಲೇಬೇಕಾದದ್ದು ಕರಣ (ಸಾಧನ), ಕರೆದಾಗ ಮಾಡಲೋ ಬೇಡವೋ ಎಂದು ತಾನೇ ತೀರ್ಮಾನಿಸುವುದು ಕರ್ತೃ. ‘ಕಾರಕ’ ಮಾತ್ರ ಬೇಡ, ಅದು ರೋಗಕಾರಕದ ಕಡೆಗೆ ಎಳೆಯುತ್ತದೆ. ‘ಕರ್ತೃ’ವಿಗೂ ಗ್ರಂಥಕರ್ತೃವಿನ ನೆರಳಿದೆ, ನಿಜ. ಆದ್ದರಿಂದ ಪ್ರತಿ ಅಧ್ಯಾಯದ ಮೊದಲ ಬಳಕೆಯಲ್ಲಿ ‘ಕರ್ತೃ ಅಂದರೆ ಏಜೆಂಟ್’ ಎಂದು ಹೇಳಿ ಮುಂದುವರಿಯಿರಿ.

ಲಿಂಗದ ವಿಷಯದಲ್ಲಿ ನಪುಂಸಕವೇ ಸರಿ, ಮುಲಾಜು ಬೇಡ. ‘ರೈತ ನೀರು ಬಿಟ್ಟುಕೊಂಡ’ ಎಂದರೆ ಅದು ಮಂಡ್ಯದಲ್ಲಿ ನಡೆದದ್ದು. ‘ಕರ್ತೃ ನೀರು ಬಿಟ್ಟುಕೊಂಡಿತು’ ಎಂದರೆ ನಾವು ಬರೆದ ನಿಯಮ ನಡೆದದ್ದು. ಇವೆರಡನ್ನು ಬೆರೆಸುವುದು ಈ ವಿಷಯದ ಬರಹಗಳಲ್ಲಿ ಬಹಳ ಸಾಮಾನ್ಯ. ನಮ್ಮ ಕ್ರಿಯಾಪದದ ಪ್ರತ್ಯಯ ಅದನ್ನು ಪುಕ್ಕಟೆ ತಡೆಯುತ್ತದೆ.

ಇನ್ನು ‘ಎಮರ್ಜೆನ್ಸ್’. ನಿಮ್ಮ ನಾಲೆಯಲ್ಲೇ ಲೆಕ್ಕ ಹಾಕಿ ನೋಡೋಣ. ಒಂದು ತೂಬಿನ ಕೆಳಗೆ ಸಾಲಾಗಿ 20 ತಾಕು. ಒಂದೊಂದಕ್ಕೂ ಪ್ರತಿ ಕಟ್ಟಿಗೆ (ನೀರು ಬಿಡುವ ಒಂದು ಸುತ್ತಿಗೆ) 2 ಅಳತೆ ನೀರು ಬೇಕು, ತೂಬಿನಲ್ಲಿ ಬರುವುದು 40. ಸರಿಯಾಗಿ ಸಾಕು. ನಿಯಮ: ಕಳೆದ ಕಟ್ಟಿನಲ್ಲಿ ತನಗೆ 2ಕ್ಕಿಂತ ಕಡಿಮೆ ಸಿಕ್ಕಿದ್ದರೆ ಈ ಸಲ 3 ಎಳೆಯುವುದು, ಇಲ್ಲದಿದ್ದರೆ 2. ಈಗ ಒಂದೇ ಒಂದು ಕಟ್ಟಿನಲ್ಲಿ 36 ಅಳತೆ ಬಿಡಿ. ಕೊನೆಯ ಎರಡು ತಾಕು, 19 ಮತ್ತು 20, ಒಣಗುತ್ತವೆ. ಮುಂದಿನ ಕಟ್ಟಿನಲ್ಲಿ ಮತ್ತೆ 40 ಬಂದಾಗ ಮೇಲಿನ 18 ತಾಕು 36 ಬಳಸುತ್ತವೆ, 19ನೆಯದು 3 ಎಳೆಯುತ್ತದೆ, 20ಕ್ಕೆ 1 ಉಳಿಯುತ್ತದೆ. ಅದರ ಮುಂದಿನ ಕಟ್ಟಿಗೆ 19 ಮತ್ತೆ 2ಕ್ಕೆ ಇಳಿಯುತ್ತದೆ, 20ಕ್ಕೂ 2 ಸಿಗುತ್ತದೆ. ಕೊರತೆ ವಾಸಿಯಾಯಿತು.

ನಿಯಮಕ್ಕೆ ಮೂರು ಪದ ಸೇರಿಸಿ: ‘ತನಗೆ, ಅಥವಾ ಪಕ್ಕದ ತಾಕಿಗೆ, ಕಡಿಮೆಯಾಗಿದ್ದರೆ 3’. ಅದೇ 36ರ ನಂತರ 18, 19, 20 ಮೂರೂ 3 ಕೇಳುತ್ತವೆ. ಮೇಲಿನ 17 ತಾಕಿಗೆ 34 ಹೋಗಿ ಉಳಿದ 6ನ್ನು 18 ಮತ್ತು 19 ಮುಗಿಸುತ್ತವೆ, 20ಕ್ಕೆ ಸೊನ್ನೆ. ಅದರ ಮುಂದಿನ ಕಟ್ಟಿನಲ್ಲಿ 18 ತಾಕಿಗೆ 36. 20ರ ಗತಿ ನೋಡಿ ಹೆದರಿದ 19 ಮತ್ತೆ 3 ಎಳೆಯುತ್ತದೆ, 20ಕ್ಕೆ 1. ಅಲ್ಲಿಂದ ಮುಂದೆ ಪ್ರತಿ ಕಟ್ಟಿನಲ್ಲೂ ಇದೇ: 40 ಅಳತೆ ಬರುತ್ತಲೇ ಇದ್ದರೂ 20ಕ್ಕೆ ಎಂದೆಂದಿಗೂ 1. ‘ಕೊನೆಯದನ್ನು ಒಣಗಿಸು’ ಎಂದು ಯಾವ ಕರ್ತೃವಿಗೂ ನಾವು ಬರೆದಿಲ್ಲ. ಹೀಗೆ ಬಿಡಿ ನಿಯಮಗಳಲ್ಲಿ ಇಲ್ಲದ್ದು ಒಟ್ಟಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ‘ಉದ್ಭವ’ ಎಂದರೆ ಎಲ್ಲಿಂದಲೋ ದಿಢೀರನೆ ಎದ್ದ ಹಾಗೆ ಕೇಳಿಸುತ್ತದೆ. ‘ಹೊಮ್ಮು’ ಧಾತುವಿನಲ್ಲಿ ಒಳಗಿನಿಂದಲೇ ಬಂತು ಎಂಬುದಿದೆ. ನಾಮಪದ ‘ಹೊಮ್ಮಿಕೆ’, ವಿಶೇಷಣ ‘ಹೊಮ್ಮಿದ ವಿನ್ಯಾಸ’. ಶೆಲ್ಲಿಂಗ್ ಮಾದರಿಯನ್ನು, ಇಂಥವನ್ನು ಓಡಿಸುವ ತಂತ್ರಾಂಶವಾದ ನೆಟ್‌ಲೋಗೋದಲ್ಲಿ ಓಡಿಸಿದರೆ, ತನ್ನ ಬಣ್ಣದವು ಶೇ. 30 ಇದ್ದರೆ ಸಾಕು ಎನ್ನುವ ಕರ್ತೃಗಳು ಶೇ. 70ರ ಆಸುಪಾಸಿನ ವಿಂಗಡಣೆಗೆ ಹೋಗಿ ನಿಲ್ಲುವುದೂ ಇದೇ ಹೊಮ್ಮಿಕೆ.

ಇಲ್ಲೊಂದು ಎಚ್ಚರ, ಪದಕ್ಕೂ ಪ್ರೋಗ್ರಾಮಿಗೂ ಸೇರಿದ್ದು. ಕರ್ತೃಗಳನ್ನು ಯಾವ ಕ್ರಮದಲ್ಲಿ ಕರೆಯುತ್ತೇವೆ ಎಂಬುದಕ್ಕೆ ‘ಸರದಿ’ ಎನ್ನಿ, ಮಾದರಿಯ ಒಂದು ಸುತ್ತಿಗೆ ‘ಹೆಜ್ಜೆ’ (ನಿಮ್ಮ ನಾಲೆಯಲ್ಲಿ ಹೆಜ್ಜೆಯೇ ಕಟ್ಟು). ನೆಟ್‌ಲೋಗೋದ ‘ಆಸ್ಕ್’ ಆದೇಶ ಪ್ರತಿ ಸಲ ಕಲಸಿದ ಸರದಿಯಲ್ಲಿ ಕರೆಯುತ್ತದೆ. ಶೆಲ್ಲಿಂಗ್ ಮಾದರಿಗೆ ಅದು ಒಳ್ಳೆಯದು, ಪಟ್ಟಿಯಲ್ಲಿ ಮುಂದಿರುವವಕ್ಕೇ ಸದಾ ಮೊದಲ ಆಯ್ಕೆ ಸಿಗುವುದಿಲ್ಲ. ನಾಲೆಗೆ ಅದನ್ನೇ ಹಾಕಿದರೆ 17ನೆಯ ತಾಕು 3ನೆಯದಕ್ಕಿಂತ ಮೊದಲು ನೀರೆಳೆದು, ಕೊರತೆ ನಾಲೆಯುದ್ದಕ್ಕೂ ಚೆಲ್ಲಾಪಿಲ್ಲಿಯಾಗಿ, ಕೊನೆಭಾಗದ ಕಷ್ಟವೇ ಮಾಯವಾಗುತ್ತದೆ. ಹಾಗಾಗಿ ಹೆಜ್ಜೆಯನ್ನು ಎರಡಾಗಿ ಒಡೆಯಿರಿ: ಮೊದಲು ಎಲ್ಲ ಕರ್ತೃಗಳೂ ಕಳೆದ ಕಟ್ಟನ್ನು ನೋಡಿ ಎಷ್ಟು ಬೇಕೆಂದು ಬರೆದಿಡಲಿ, ಆಮೇಲೆ ನೀರು ಮೇಲಿನಿಂದ ಕೆಳಕ್ಕೆ ಹರಿಯಲಿ. ತೀರ್ಮಾನದ ಸರದಿ ಬೇರೆ, ಹರಿವಿನ ಸರದಿ ಬೇರೆ.

‘ಎನ್ವಿರಾನ್ಮೆಂಟ್’ಗೆ ‘ಪರಿಸರ’ ಬೇಡ, ‘ಆವರಣ’ ಇರಲಿ. ಆವರಣದ ಒಂದು ಚೌಕವಾದ ‘ಪ್ಯಾಚ್’ಗೆ ತಾಕು.

ಇನ್ನೊಂದು ಉತ್ತರ (ಪಾಂಡವಪುರದಿಂದ)

ಮೇಡಂ ಹೇಳಿದ್ದು ಮೊದಲ ವಾಕ್ಯಕ್ಕೆ ಸರಿ. ಎರಡನೆಯ ವಾಕ್ಯದಲ್ಲಿ ‘ನಿಯೋಗಿ’ಯನ್ನು ಅಷ್ಟು ಬೇಗ ಬಿಡಬೇಡಿ. ಅದು ರೀಡ್ ಸ್ಮಿತ್ 1980ರಲ್ಲಿ ವಿವರಿಸಿದ ‘ಕಾಂಟ್ರ್ಯಾಕ್ಟ್ ನೆಟ್’ ಕ್ರಮ: ಕೆಲಸವಿರುವ ಏಜೆಂಟ್ ಕರೆ ಹೊರಡಿಸುತ್ತದೆ, ಉಳಿದವು ತಮ್ಮ ಬೆಲೆ ಹೇಳುತ್ತವೆ, ಒಂದಕ್ಕೆ ಕೆಲಸ ಸಿಗುತ್ತದೆ. ಇಲ್ಲಿ ಏಜೆಂಟ್ ಹೆಚ್ಚಿನ ಸಲ ನಿಜಕ್ಕೂ ಒಬ್ಬರ ಪರವಾಗಿಯೇ ಇರುತ್ತದೆ: ಒಂದು ಯಂತ್ರದ, ಒಬ್ಬ ಬಳಕೆದಾರರ, ಒಂದು ಕಂಪನಿಯ ಪರ. ಈಗ ಎಲ್ಲರ ಬಾಯಲ್ಲಿರುವ ‘ಎಐ ಏಜೆಂಟ್’ ಕೂಡ ಹಾಗೆಯೇ, ನಮ್ಮ ಪರವಾಗಿ ಟಿಕೆಟ್ ಕಾಯ್ದಿರಿಸುವುದು ನಿಯೋಗಿಯೇ. ಹಾಗಾಗಿ ಮಾದರಿಯ ಭಾಗದಲ್ಲಿ ಕರ್ತೃ, ವ್ಯವಸ್ಥೆಯ ಭಾಗದಲ್ಲಿ ನಿಯೋಗಿ. ಒಂದೇ ಇಂಗ್ಲಿಷ್ ಪದ ಎಂಬ ಕಾರಣಕ್ಕೆ ಕನ್ನಡದಲ್ಲೂ ಒಂದೇ ಇರಲೇಬೇಕೆಂದಿಲ್ಲ.

‘ಸವಾಲು’ ಹರಾಜಿನಲ್ಲಿ ಹಳೆಯ ಸರಿಯಾದ ಪದ. ಈಗಿನ ಹುಡುಗರಿಗೆ ಅದು ಚಾಲೆಂಜ್ ಮಾತ್ರ. ‘ಬಿಡ್’ ಎಂದೇ ಬರೆಯಿರಿ.

ಹೆಚ್ಚು ಗಮನ ಬೇಕಾದದ್ದು ಸಂದೇಶದ ಬಗೆಗಳಿಗೆ. ಏಜೆಂಟುಗಳಿಗೆ ಮಾನದಂಡ ರೂಪಿಸಲು ಹುಟ್ಟಿದ ಫಿಪಾ ಸಂಸ್ಥೆ (ಸ್ಥಾಪನೆ 1996) ರೂಪಿಸಿದ ಸಂದೇಶ ಭಾಷೆಯಲ್ಲಿ ‘ರೆಫ್ಯೂಸ್’, ‘ಫೇಲ್ಯೂರ್’, ‘ರಿಜೆಕ್ಟ್ ಪ್ರೊಪೋಸಲ್’ ಮೂರೂ ಬೇರೆ ಬೇರೆ. ಮೂರಕ್ಕೂ ‘ನಿರಾಕರಣೆ’ ಎಂದು ಬರೆದ ಕರಡು ಓದುವವರನ್ನು ದಾರಿ ತಪ್ಪಿಸುತ್ತದೆ. ಮೊದಲನೆಯದು ‘ಒಲ್ಲೆ’: ಕೆಲಸ ಶುರು ಮಾಡದೆ, ಕಾರಣ ಹೇಳಿ ಹಿಂದೆ ಸರಿಯುವುದು. ಎರಡನೆಯದು ‘ಆಗಲಿಲ್ಲ’: ಕೈಹಾಕಿ ಕೆಟ್ಟದ್ದು. ಮೂರನೆಯದು ‘ನಿನ್ನ ಬಿಡ್ ಬೇಡ’: ಕರೆದವರೇ ತಳ್ಳಿಹಾಕುವುದು. ‘ಒಲ್ಲೆ’ ಬಂದರೆ ಹಂಚುವ ನಿಯೋಗಿ ನಿಶ್ಚಿಂತೆಯಿಂದ ಬೇರೆಯವರನ್ನು ಕೇಳಬಹುದು. ‘ಆಗಲಿಲ್ಲ’ ಬಂದರೆ ಅರ್ಧಕ್ಕೆ ನಿಂತ ಕೆಲಸವನ್ನು ಮೊದಲು ಬಿಡಿಸಬೇಕು.

ಸಂದೇಶದಲ್ಲಿ ಬರುವ ‘ರಿಪ್ಲೈ ಬೈ’ ಎಂಬುದನ್ನು ‘ಉತ್ತರದ ಗಡುವು’ ಎಂದು ದಪ್ಪಕ್ಷರದಲ್ಲಿ ಹಾಕಿ. ಹುಡುಗರು ಬಿಡುವುದೇ ಅದನ್ನು. ಐವರನ್ನು ಕರೆದು ಐದು ಉತ್ತರ ಬರುವವರೆಗೂ ಕಾಯುವಂತೆ ಬರೆದರೆ, ಒಂದು ನಿಯೋಗಿ ಕೆಟ್ಟು ಕೂತರೂ ಇಡೀ ವ್ಯವಸ್ಥೆ ಅಲ್ಲಿಯೇ ನಿಲ್ಲುತ್ತದೆ. ಇನ್ನೊಂದು ತೊಡಕು: ಒಂದೇ ನಿಯೋಗಿ ಒಟ್ಟಿಗೆ ಎರಡು ಕರೆಗೆ ಬಿಡ್ ಹಾಕಿ ಎರಡನ್ನೂ ಗೆದ್ದರೆ ಸಾಮರ್ಥ್ಯ ಸಾಲದು. ಬಿಡ್ ಹಾಕಿದಾಗಲೇ ಅಷ್ಟು ಸಾಮರ್ಥ್ಯವನ್ನು ಕಾದಿಡಬೇಕು, ತಳ್ಳಿಹಾಕಿದ ಸುದ್ದಿ ಬಂದಾಗ ಬಿಟ್ಟುಕೊಡಬೇಕು. ಅದಕ್ಕೇ ಸೋತವರಿಗೂ ಸಂದೇಶ ಕಳಿಸಲೇಬೇಕು.

‘ಬಿಲೀಫ್, ಡಿಸೈರ್, ಇಂಟೆನ್ಷನ್’ ಬಂದರೆ ನಂಬಿಕೆ, ಬಯಕೆ, ಸಂಕಲ್ಪ. ಕೊನೆಯದಕ್ಕೆ ‘ಉದ್ದೇಶ’ ಸಡಿಲ. ಹತ್ತು ಬಯಕೆಗಳಲ್ಲಿ ಒಂದನ್ನು ಆರಿಸಿ, ಮುಗಿಯುವವರೆಗೆ ಅಥವಾ ಅಸಾಧ್ಯವೆಂದು ತಿಳಿಯುವವರೆಗೆ ಅದಕ್ಕೆ ಬದ್ಧವಾಗುವುದೇ ಇಲ್ಲಿಯ ಇಂಟೆನ್ಷನ್.

ಮರುಪ್ರಶ್ನೆ (ಮಂಡ್ಯದಿಂದ)

ಇಬ್ಬರಿಗೂ ವಂದನೆ. ಯಾದೃಚ್ಛಿಕ ಸಂಖ್ಯೆಗಳ ‘ಸೀಡ್’ಗೆ (ಆ ಸಾಲನ್ನು ಶುರು ಮಾಡುವ ಸಂಖ್ಯೆಗೆ) ಕರಡಿನಲ್ಲಿ ‘ಬೀಜ’ ಎಂದಿದೆ. ಭತ್ತದ ಮಾದರಿಯಲ್ಲಿ ‘ಪ್ರತಿ ಸಲ ಬೀಜ ಬದಲಿಸಿ’ ಎಂದರೆ ಅನರ್ಥವಾಗುತ್ತದಲ್ಲ?

ಉತ್ತರ (ಮೈಸೂರಿನಿಂದ)

ಖಂಡಿತ ಆಗುತ್ತದೆ ಸರ್. ‘ಮೊದಲ ಸಂಖ್ಯೆ’ ಎನ್ನಿ. ಅದೇ ಮೊದಲ ಸಂಖ್ಯೆ ಕೊಟ್ಟರೆ ಅದೇ ಓಟ ಮರುಕಳಿಸುತ್ತದೆ, ದೋಷ ಹುಡುಕಲು ಅದು ಬೇಕು. ಫಲಿತಾಂಶ ಬರೆಯುವಾಗ ಕನಿಷ್ಠ 30 ಬೇರೆ ಬೇರೆ ಸಂಖ್ಯೆಗಳಿಂದ ಓಡಿಸಿ, ಸರಾಸರಿಯ ಜೊತೆಗೆ ಹರವನ್ನೂ ಕೊಡುವಂತೆ ಅಭ್ಯಾಸದಲ್ಲಿ ಸೇರಿಸಿ. ಮೇಲಿನ 20 ತಾಕಿನ ಲೆಕ್ಕದಲ್ಲಿ ಯಾದೃಚ್ಛಿಕ ಅಂಶವೇ ಇಲ್ಲ, ಅದಕ್ಕೆ ಒಂದೇ ಓಟ ಸಾಕು.